ಸೀಮೆ ಮೊಲದ ಹಿಮ್ಮಡಿ ಹುಣ್ಣು

ನನ್ನ ಅತ್ತೆ ಯಾರನ್ನೂ ಮುದ್ದು ಮಾಡಿದವರಲ್ಲ, ಹೆತ್ತ ಮಕ್ಕಳನ್ನೂ ಮಾಡಲಿಲ್ಲ. ಮಾಡಿದ್ದು ಒಂದು ಮೊಲವನ್ನು. ಹಾಸನದಲ್ಲಿ ಕೆಲಸಕ್ಕಿದ್ದ ನನ್ನ ಮೈದುನ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಹಳೇಕೋಟೆ ಪಕ್ಕದ ನಮ್ಮೂರಿಗೆ ತಂದಾಗ ಅಂಗೈಯಗಲ ಇತ್ತು. ಬಿಳಿ ಸೀಮೆ ಮೊಲ. ಅತ್ತೆ ಕಡಲೆಕಾಳು ನೆನೆಸಿ ಹಾಕಿ, ಮುದ್ದೆ ಮುರಿದು ಹಾಕಿ, ವರ್ಷ ತಿರುಗುವುದರೊಳಗೆ ಬೆಕ್ಕಿನ ಎರಡರಷ್ಟು ಮಾಡಿದರು. ಹಜಾರದ ಮೂಲೆಯಲ್ಲಿ ಇಡೀ ದಿನ ಕುಕ್ಕರಿಸಿರುತ್ತಿತ್ತು.

ಒಂದು ಮಳೆಗಾಲ ಅದು ಹಿಂಗಾಲನ್ನು ಎತ್ತಿ ಎತ್ತಿ ಇಡತೊಡಗಿತು. ಮಗುಚಿ ನೋಡಿದೆ. ಎರಡು ಹಿಮ್ಮಡಿಯಲ್ಲೂ ಕೂದಲು ಉದುರಿತ್ತು, ಎಡಗಾಲಲ್ಲಿ ಹುಣ್ಣು ಬಾಯಿ ಬಿಟ್ಟಿತ್ತು. ನನ್ನ ಗಂಡ ಅದನ್ನು ಹೊಳೆನರಸೀಪುರದ ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಡಾಕ್ಟರು ಮುಲಾಮು ಕೊಟ್ಟು, ಜಾಗ ಚೊಕ್ಕಟವಾಗಿರಲಿ, ಬಾವು ಮೇಲಕ್ಕೇರಿದರೆ ಉಳಿಯುವುದಿಲ್ಲ ಎಂದರಂತೆ.

ಚೊಕ್ಕಟ ಎಂದರೆ ನಮ್ಮ ಮನೆಯಲ್ಲಿ ಸಗಣಿ ಹಾಕಿ ಸಾರಿಸುವುದು, ಬೇರೇನಲ್ಲ. ಬೆಳಿಗ್ಗೆ ಮಾತ್ರ ಸಾರಿಸುತ್ತಿದ್ದ ಅತ್ತೆ ಈಗ ಮೊಲ ಉಚ್ಚೆ ಹುಯ್ದಾಗಲೆಲ್ಲ ಸಾರಿಸತೊಡಗಿದರು. ಹುಣ್ಣು ಅಗಲವಾಯಿತು. ಕೀವು ಬಂತು. ಮೊಲ ಕಾಳು ಮುಟ್ಟುವುದನ್ನು ಬಿಟ್ಟಿತು.

"ಅವ್ವಾ, ಇದು ಉಳಿಯಾಕಿಲ್ಲ ಕಣವ್ವಾ. ನರಳ್ಸೋದ್ಯಾಕೆ? ಬಾನುವಾರ ಕುಯ್ದು ಬುಡ್ತೀನಿ," ಎಂದರು ನನ್ನ ಗಂಡ.

"ನಿನ್ ನಾಲ್ಗೆ ಸೇದೋಗ! ಮಂಡಿ ಊದ್ಕಂಡು ಮೂಲೇಲಿ ಬಿದ್ದಿದ್ದಾಗ ನಿನ್ನ ಕುಯ್ದ್ನೇನ್ಲಾ?"

"ನನ್ ಸಾರು ಯಾರು ಉಣ್ತಿದ್ರವ್ವಾ?"

ಅತ್ತೆ ನಗಲಿಲ್ಲ. ನೊಣ ಕೂತರೆ ಹುಳ ಬೀಳುತ್ತದೆಂದು ಸೆರಗು ಬೀಸುತ್ತ ಕುಳಿತೇ ಇದ್ದರು.

ಮುಲಾಮು ಹಚ್ಚಲು ಮೊಲವನ್ನು ಎತ್ತಿಕೊಂಡಾಗ ಅದರ ಹೊಟ್ಟೆ ತಣ್ಣಗೆ ಒದ್ದೆಯಾಗಿತ್ತು. ಕೂತ ಜಾಗ ಮುಟ್ಟಿದೆ. ಸಾರಿಸಿದ ನೆಲ ಆ ಮಳೆಯಲ್ಲಿ ಒಣಗುತ್ತಲೇ ಇರಲಿಲ್ಲ. ಅರಕಲಗೂಡಿನ ನನ್ನ ತವರಿನಲ್ಲಿ ಅಜ್ಜ ಹಾಸಿಗೆ ಹಿಡಿದಾಗ ಅವ್ವ ಮಗ್ಗುಲು ಬದಲಿಸುತ್ತಿದ್ದಳು, ಒದ್ದೆ ಬಟ್ಟೆ ಇರಗೊಡುತ್ತಿರಲಿಲ್ಲ. ಒಂದೇ ಕಡೆ ಭಾರ ಬಿದ್ದು ತೇವವೂ ಸೇರಿದರೆ ಮಾಂಸ ಕೊಳೆಯುತ್ತದೆ. ಇದಕ್ಕೆ ಓದು ಬೇಕಿಲ್ಲ.

ಅತ್ತೆ ಸಗಣಿ ನೀರಿನ ಬಕೆಟ್ಟು ಹಿಡಿದು ಬಂದರು.

"ಅತ್ತೆಮ್ಮ, ಸಾರಿಸೋದ ನಿಲ್ಸಿ. ನೀವೇ ಇದ್ನ ಸಾಯಿಸ್ತಾ ಇದೀರಿ."

ಸೊಸೆಯಾದವಳು ಆ ಕಾಲದಲ್ಲಿ ಆಡುವ ಮಾತಲ್ಲ. ಅತ್ತೆಯ ಮುಖ ಕಪ್ಪಿಟ್ಟಿತು.

"ಸಾರಿಸ್ದೆ ಬುಡಾಕೆ ಇದೇನು ಪಾಳು ಮನೆಯೇನೆ? ನಿಮ್ಮಪ್ಪನ ಮನೇಲಿ ಅಂಗೇ ಬುಟ್ಟಿರ್ತಾರೇನೋ!"

"ನಮ್ಮಪ್ಪನ ಮನೇಲಿ ಮೊಲಾನೇ ಇರ್ನಿಲ್ಲ. ಇದರ ಕಾಲು ಮುಟ್ ನೋಡಿ, ಆಮೇಲೆ ಬೈರಿ."

ಮುಟ್ಟಿದರು. ಕೀವಿನ ಜೊತೆ ಹಸಿ ಸಗಣಿ ಕೈಗಂಟಿತು. ಬಕೆಟ್ಟನ್ನು ತಿಪ್ಪೆಗೆ ಸುರಿದು ಬಂದರು.

ಮೂಲೆಗೆ ಗೋಣಿತಾಟು ಹಾಸಿ, ಮೇಲೆ ಒಣ ಭತ್ತದ ಹುಲ್ಲನ್ನು ಮೆತ್ತಗೆ ದಪ್ಪಗೆ ಹಾಕಿದೆ. ಒದ್ದೆಯಾದಷ್ಟನ್ನೂ ತೆಗೆದು ಬೇರೆ ಹಾಕುವುದು. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಹುಣ್ಣು ತೊಳೆದು, ಒರೆಸಿ, ಮುಲಾಮು ಹಚ್ಚುವುದು. ಕಾಳು, ಮುದ್ದೆ ಬಂದ್. ಗರಿಕೆ ಹುಲ್ಲು ಮಾತ್ರ. ಮೈ ಇಳಿಯದೆ ಕಾಲಿನ ಭಾರ ಇಳಿಯುವುದಿಲ್ಲ. ಆದರೆ ಮೊಲ ಗರಿಕೆಯನ್ನೂ ಮೂಸಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ಬಾವು ಹಿಮ್ಮಡಿ ದಾಟಿ ಮೇಲಕ್ಕೆ ಬಂದಿತ್ತು.

ಗಂಡ ಮಚ್ಚು ಮಸೆದುಕೊಂಡು ಬಂದರು. ಅತ್ತೆ ಹುಲ್ಲಿನ ಮುಂದೆ ಅಡ್ಡ ಕೂತಿದ್ದರು.

"ಇವತ್ತೊಂದಿನ ತಡಿ ಕಣ್ಲಾ."

ಮಗನನ್ನು ಅವರು ಬೇಡಿಕೊಂಡಿದ್ದನ್ನು ನಾನು ಅದೊಂದು ಸಲ ಕೇಳಿದ್ದು. ಗಂಡ ಮಚ್ಚನ್ನು ಸೂರಿಗೆ ಸಿಕ್ಕಿಸಿ ಗದ್ದೆಗೆ ಹೋದರು. ಅತ್ತೆ ಊಟಕ್ಕೂ ಏಳಲಿಲ್ಲ. ಸಂಜೆ ಅವರ ಕೈಯಲ್ಲಿದ್ದ ಗರಿಕೆಯ ತುದಿಯನ್ನು ಮೊಲ ಕಚ್ಚಿತು.

ಬಾವು ಇಳಿಯಿತು. ಹುಣ್ಣು ಹಕ್ಕಳೆಗಟ್ಟಲು ತಿಂಗಳ ಮೇಲಾಯಿತು. ಒಂದು ಬೆಳಿಗ್ಗೆ ತೊಳೆಯಲು ಮಗುಚಿದಾಗ ಅದು ಎಡಗಾಲಲ್ಲಿ ಝಾಡಿಸಿ ಒದ್ದು, ನನ್ನ ಮುಂಗೈಯನ್ನು ಉದ್ದಕ್ಕೆ ಸೀಳಿತು. ರಕ್ತ ಸುರಿಯಿತು. ಅತ್ತೆ ನನ್ನ ಕೈ ಕಡೆ ನೋಡಲೇ ಇಲ್ಲ.

"ಬಲ ಬಂದೈತೆ ಕಣೆ," ಎಂದರು.