ಜಗಲಿಯ ಮೇಲಿದ್ದ ಎರಡು ಹಾಳೆ

ಕೋವಿಡ್ ಬರುವ ಹಿಂದಿನ ವರ್ಷ. ರಾಣೇಬೆನ್ನೂರಿನಲ್ಲಿ ನಾನು ತೆರಿಗೆ ಸಲಹೆಗಾರನಾಗಿ ಕೆಲಸ ಮಾಡುತ್ತ ಹತ್ತೊಂಬತ್ತು ವರ್ಷವಾಗಿತ್ತು. ವ್ಯಾಪಾರಸ್ಥರ ರಿಟರ್ನ್ ಸಲ್ಲಿಸಿ ಕೈ ಪಳಗಿತ್ತು. ಮನೆಯ ಆಸ್ತಿಯನ್ನು ಕೆಲವರು ಟ್ರಸ್ಟಿಗಳಾಗಿ ಎಲ್ಲರ ಪರವಾಗಿ ನೋಡಿಕೊಳ್ಳುವ ಖಾಸಗಿ ಕುಟುಂಬ ಟ್ರಸ್ಟ್ ಮಾತ್ರ ಅದುವರೆಗೆ ನನ್ನ ಮೇಜಿಗೆ ಬಂದಿರಲಿಲ್ಲ.

ಮೊದಲನೆಯದನ್ನು ತಂದವರು ಬ್ಯಾಡಗಿಯ ಮಲ್ಲೇಶಪ್ಪ. ಅವರ ತಂದೆ ಚನ್ನಬಸಪ್ಪನವರು ಮೆಣಸಿನಕಾಯಿ ವ್ಯಾಪಾರಿಗಳಿಗೆ ಬಾಡಿಗೆ ಕೊಟ್ಟಿದ್ದ ನಾಲ್ಕು ಗೋದಾಮುಗಳನ್ನು ಬಿಟ್ಟು ತೀರಿಕೊಂಡಿದ್ದರು. ಮಕ್ಕಳು ಮೂವರು: ಮಲ್ಲೇಶಪ್ಪ, ತಮ್ಮ ಈರಣ್ಣ, ತಂಗಿ ಗಿರಿಜಾ. ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲದ ಗಿರಿಜಾಗೆ ಆಗ ಮೂವತ್ತನಾಲ್ಕು ವರ್ಷ. ಅವರನ್ನು ಎತ್ತಿ ಕೂಡಿಸಲು, ಉಣಿಸಲು ಕಲ್ಲವ್ವ ಎಂಬಾಕೆ ಬೆಳಗಿನಿಂದ ಸಂಜೆಯವರೆಗೆ ಇರುತ್ತಿದ್ದಳು. ತಾಯಿ ಶಾಂತವ್ವನವರಿಗೆ ಮೊಣಕಾಲು ನೋವು. ಕಲ್ಲವ್ವನ ಸಂಬಳ ಹೊರಡುತ್ತಿದ್ದುದು ಆ ಬಾಡಿಗೆಯಿಂದಲೇ.

ಅಣ್ಣತಮ್ಮಂದಿರು ಹಾವೇರಿಯ ವಕೀಲರೊಬ್ಬರಿಂದ ಬರೆಸಿದ್ದ ಟ್ರಸ್ಟ್ ಪತ್ರವನ್ನು ಕೊಟ್ಟರು. ಅದರಲ್ಲಿ ಯಾರಿಗೆ ಎಷ್ಟು ಎಂಬುದಿರಲಿಲ್ಲ. ‘ಮೂವರ ಅಗತ್ಯ ನೋಡಿ ಟ್ರಸ್ಟಿಗಳು ಹಂಚತಕ್ಕದ್ದು’ ಎಂದಷ್ಟೇ ಇತ್ತು. ಮೂವರು ಮಕ್ಕಳೆಂದ ಮೇಲೆ ಮೂರು ಸಮಪಾಲು ಎಂದು ಊಹಿಸಿ ನಾನು ರಿಟರ್ನ್ ಸಲ್ಲಿಸಿದೆ. ತಪ್ಪು ನನ್ನದು.

ಕಾನೂನಿನ ಲೆಕ್ಕ ಇಷ್ಟು. ಫಲಾನುಭವಿಗಳ ಪಾಲು ಪತ್ರದಲ್ಲೇ ನಿಗದಿಯಾಗಿದ್ದರೆ, ಆಯಾ ಪಾಲಿಗೆ ಆಯಾ ವ್ಯಕ್ತಿಯ ಆದಾಯಕ್ಕೆ ತಕ್ಕ ದರದಲ್ಲಿ ತೆರಿಗೆ. ಬೇರೆ ಆದಾಯವಿಲ್ಲದವರ ಪಾಲು ವಿನಾಯಿತಿ ಮಿತಿಯೊಳಗಿದ್ದರೆ ಅದಕ್ಕೆ ತೆರಿಗೆಯೇ ಇಲ್ಲ. ಪಾಲು ನಿಗದಿಯಾಗಿರದಿದ್ದರೆ, ಕೆಲವು ಅಪವಾದಗಳನ್ನು ಬಿಟ್ಟು, ಇಡೀ ಆದಾಯಕ್ಕೆ ಮೊದಲ ರೂಪಾಯಿಯಿಂದಲೇ ಗರಿಷ್ಠ ದರ, ಅಂದರೆ ಅತಿ ಶ್ರೀಮಂತರು ಕಟ್ಟುವ ದರ. ಟ್ರಸ್ಟೇ ವ್ಯಾಪಾರ ನಡೆಸಿದರೆ ನಿಯಮ ಇನ್ನೂ ಬಿಗಿ. ಇಲ್ಲಿದ್ದದ್ದು ಬಾಡಿಗೆ ಮಾತ್ರ.

ಮರುವರ್ಷ ಆದಾಯ ತೆರಿಗೆ ಅಧಿಕಾರಿ ಟ್ರಸ್ಟ್ ಪತ್ರ ಕೇಳಿದರು, ಓದಿದರು, ಗರಿಷ್ಠ ದರ ಹಾಕಿದರು. ಪತ್ರದಲ್ಲಿ ಇದ್ದದ್ದನ್ನೇ ಅವರು ಓದಿದ್ದರು. ಹೀಗೇ ಮುಂದುವರಿದರೆ ಗೋದಾಮಿನ ದುರಸ್ತಿ ಕಳೆದು ಕಲ್ಲವ್ವನನ್ನು ಇಟ್ಟುಕೊಳ್ಳುವಷ್ಟು ಉಳಿಯುತ್ತಿರಲಿಲ್ಲ. ಮಲ್ಲೇಶಪ್ಪನವರ ಕಿರಾಣಿ ಅಂಗಡಿ, ಈರಣ್ಣನ ಶಾಲೆಯ ಸಂಬಳ ಅವರವರ ಸಂಸಾರಕ್ಕೆ ಸರಿಹೋಗುತ್ತಿದ್ದವು.

ಪಾಲು ಏಕೆ ಬರೆಸಲಿಲ್ಲ ಎಂದು ಕೇಳಿದೆ. ಮಲ್ಲೇಶಪ್ಪ ತಲೆ ತಗ್ಗಿಸಿದರು. “ಅಪ್ಪ ಹೋಗಿ ವರ್ಷ ತುಂಬಿದ್ದಿಲ್ರಿ. ಮನ್ಯಾಗ ಕಣ್ಣೀರ ಆರಿದ್ದಿಲ್ಲ, ಪಾಲು ಅಂತ ಹ್ಯಾಂಗ ಬರಸೂದ್ರಿ? ಮಂದಿ ಮನಿ ಒಡದ್ರು ಅಂದಾರು.”

ನನ್ನ ಗುರುಗಳು, ನನಗೆ ಈ ಕೆಲಸ ಕಲಿಸಿದ ಹಿರಿಯ ಸಲಹೆಗಾರರು, ಒಂದು ಕಾಗದ ಇನ್ನೊಂದರ ಹೆಸರೆತ್ತಿದರೆ ಆ ಇನ್ನೊಂದನ್ನು ತರಿಸಿ ಓದು ಎನ್ನುತ್ತಿದ್ದರು. ಆ ದಿನ ಟ್ರಸ್ಟ್ ಪತ್ರವನ್ನು ಮತ್ತೆ ಓದಿದೆ. ಎರಡನೇ ಪ್ಯಾರಾದಲ್ಲಿ ‘ನಮ್ಮ ತಂದೆಯವರು ಬರೆದಿಟ್ಟ ಇಚ್ಛೆಯಂತೆ’ ಎಂದಿತ್ತು. ಬರೆದಿಟ್ಟದ್ದು ಎಲ್ಲಿದೆ ಎಂದು ಕೇಳಿದೆ. ಈರಣ್ಣ ಹೇಳಿದ: “ಟ್ರಸ್ಟ್ ಮಾಡ್ರಿ ಅಂತ ಬಾಯಿಲೆ ಹೇಳಿ, ಅಪ್ಪ ಬರದೂ ಹೋಗ್ಯಾನ್ರಿ. ಅವ್ವ ದಿನಾ ಅದಕ್ಕ ಊದಿನಕಡ್ಡಿ ಹಚ್ಚಾಕತ್ತಾಳ. ಓದಾವ್ರು ಯಾರೂ ಇಲ್ಲ.”

ಮರುದಿನ ಬ್ಯಾಡಗಿಗೆ ಹೋದೆ. ದೇವರ ಕೋಣೆಯ ಜಗಲಿಯ ಮೇಲೆ, ದೇವರ ಪಕ್ಕದಲ್ಲಿ, ಬಿಳಿ ವಸ್ತ್ರದಲ್ಲಿ ಸುತ್ತಿದ ಗಂಟು ವಿಭೂತಿ ಹಚ್ಚಿಸಿಕೊಂಡು ಕೂತಿತ್ತು. ಕೇಳಲು ನನಗೇ ಸಂಕೋಚವಾಯಿತು. ಶಾಂತವ್ವ ತಕ್ಷಣ ಕೊಡಲಿಲ್ಲ.

“ಅದು ಕಾಗದ ಅಲ್ರಿ ಸಾಹೇಬ್ರ. ಅವರ ಕಡೀ ಮಾತು.”

“ಆ ಮಾತು ಸರಕಾರದವ್ರೂ ಕೇಳ್ಬೇಕಾಗೇತ್ರಿ ಅವ್ವಾರ. ಇಲ್ಲಾಂದ್ರ ಕಲ್ಲವ್ವನ್ನ ಬಿಡಸೂ ಪಾಳಿ ಬರ್ತೈತಿ.”

ಅವರು ಒಳಕೋಣೆಯ ಕಡೆ ನೋಡಿದರು. ಅಲ್ಲಿ ಕಲ್ಲವ್ವ ಗಿರಿಜಾಗೆ ತಲೆ ಬಾಚುತ್ತಿದ್ದಳು. ಶಾಂತವ್ವ ಕೈ ತೊಳೆದು ಬಂದು ಗಂಟು ಬಿಚ್ಚಿದರು. ಒಳಗೆ ಲೆಡ್ಜರಿನಿಂದ ಕಿತ್ತ ಎರಡು ಹಾಳೆ. ಚನ್ನಬಸಪ್ಪನವರ ಅಕ್ಷರ, ಸಹಿ, ಇಬ್ಬರು ಸಾಕ್ಷಿಗಳ ಸಹಿ. ಗಂಡುಮಕ್ಕಳಿಬ್ಬರೂ ಟ್ರಸ್ಟಿಗಳು, ಬಾಡಿಗೆಯ ಅರ್ಧ ಗಿರಿಜಾಗೆ, ಕಾಲು ಕಾಲು ಗಂಡುಮಕ್ಕಳಿಗೆ. ಕೊನೆಯಲ್ಲಿ ಒಂದು ಸಾಲು: ‘ಗಂಡುಮಕ್ಕಳಿಗೆ ದೇವರು ಕೈಕಾಲು ಕೊಟ್ಟಾನ, ಗಿರಿಜಾಗ ಈ ಬಾಡಿಗೀನೇ ಕೈಕಾಲು.’

ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಲ್ಲೇಶಪ್ಪ ಎದ್ದು ಹಿತ್ತಲಿಗೆ ಹೋದರು.

ವಿಲ್ ನೋಂದಣಿ ಆಗಿರಲಿಲ್ಲ. ಆಗಲೇಬೇಕೆಂಬ ನಿಯಮವೂ ಇಲ್ಲ. ಬದುಕಿದ್ದ ಒಬ್ಬ ಸಾಕ್ಷಿಯಿಂದ ಅಫಿಡವಿಟ್ ಪಡೆದು ಮೇಲ್ಮನವಿ ಸಲ್ಲಿಸಿದೆ. ನನ್ನ ವಾದ ಚಿಕ್ಕದು: ಟ್ರಸ್ಟ್ ಹುಟ್ಟಿದ್ದು ವಿಲ್‌ನಿಂದ, ಪಾಲುಗಳು ಅದರಲ್ಲೇ ನಿಗದಿಯಾಗಿವೆ, ಆಮೇಲೆ ಟ್ರಸ್ಟಿಗಳು ಬರೆಸಿದ ಪತ್ರ ಅವನ್ನು ಅಳಿಸಲಾರದು. ಸಮಪಾಲೆಂದು ತೋರಿಸಿದ್ದು ನನ್ನ ತಪ್ಪೆಂದೂ ಬರೆದೆ. ಸುಮಾರು ಎರಡು ವರ್ಷ ಕಾದೆವು. ಅಷ್ಟು ದಿನವೂ ಮಲ್ಲೇಶಪ್ಪ ಅಂಗಡಿಯಿಂದ ಹೊಂದಿಸಿ ಕಲ್ಲವ್ವನ ಸಂಬಳ ಕೊಟ್ಟರು. ಆದೇಶ ನಮ್ಮ ಪರವಾಗಿ ಬಂತು. ಮೇಲ್ಮನವಿಯನ್ನು ಆನ್‌ಲೈನಿನಲ್ಲೇ ವಿಚಾರಿಸಿದ, ನಾವು ಮುಖವನ್ನೇ ನೋಡದ ಅಧಿಕಾರಿ ತಮ್ಮ ಆದೇಶದಲ್ಲಿ ಚನ್ನಬಸಪ್ಪನವರ ಕೊನೆಯ ಸಾಲನ್ನು ಹಾಗೇ ಉದ್ಧರಿಸಿದ್ದರು. ಅವರಿಗೆ ನಾನು ಇಂದಿಗೂ ಋಣಿ.

ಆ ಮನೆಯವರಿಗೂ ಋಣಿ. ನನ್ನ ಊಹೆ ಅವರನ್ನು ಎರಡು ವರ್ಷ ಕಾಯಿಸಿತು. ಒಬ್ಬರೂ ಎತ್ತಿ ಆಡಲಿಲ್ಲ. ಮೇಲ್ಮನವಿಗೆ ನಾನು ಫೀ ತೆಗೆದುಕೊಳ್ಳಲಿಲ್ಲ. ಶಾಂತವ್ವ ಈಗಲೂ ವರ್ಷಕ್ಕೊಮ್ಮೆ ಖಾರಪುಡಿ ಕಳಿಸುತ್ತಾರೆ. ತರುವವಳು ಕಲ್ಲವ್ವ.

ವಿಲ್ ಮತ್ತೆ ಜಗಲಿ ಸೇರಿದೆ. ಅದರ ನಕಲು ನನ್ನ ಫೈಲಿನಲ್ಲಿದೆ. ಕಚೇರಿಗೆ ಬೇಕೆನಿಸಿದ ಕಾಗದವನ್ನು ಜನ ಚೀಲದಲ್ಲಿ ತರುತ್ತಾರೆ, ಜೀವಕ್ಕೆ ಹತ್ತಿರದ್ದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಇದನ್ನು ನನಗೆ ಕಲಿಸಿದ್ದು ಆ ಎರಡು ಹಾಳೆ. ಈಗ ಯಾರೇ ಆಸ್ತಿ ಪತ್ರ ಹಿಡಿದು ಬಂದರೂ, ಎಲ್ಲ ನೋಡಿ ಮುಗಿಸಿದ ಮೇಲೆ ನಾನು ಒಂದು ಮಾತು ಕೇಳುತ್ತೇನೆ: “ಜಗಲಿ ಮ್ಯಾಲೆ ಏನರ ಇಟ್ಟೀರೇನ್ರಿ?”