ಸೋದರಮಾವನ ಹಕ್ಕು

ಶರಣವ್ವಾ, ನಿನ್ನನ್ನು ಮದುವೆಯಾಗುವ ಮನಸ್ಸು ನನಗೆ ಒಂದು ದಿನವೂ ಇರಲಿಲ್ಲ. ಆದರೂ ನಾಲ್ಕು ಜನರ ಮುಂದೆ, ನಿನ್ನ ಅಪ್ಪನ ಕಟ್ಟೆಯ ಮೇಲೆ ಕೂತು, ನೀನು ನನ್ನ ಹೆಣ್ಣು ಎಂದು ಹೇಳಿದೆ. ಆ ಮಾತು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ನೀನು ನನ್ನ ಅಕ್ಕನ ಮಗಳು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನು ಒಲ್ಲೆ ಎಂದ ಮೇಲೆಯೇ ಹೊರಗಿನವರು ಕೇಳಬೇಕು. ಯಲಬುರ್ಗಾದಿಂದ ಗಂಗಾವತಿಯವರೆಗೆ ನನಗೆ ಗೊತ್ತಿದ್ದ ಯಾವ ಮನೆಯೂ ಇದನ್ನು ಮೀರಿದ್ದಿಲ್ಲ. ದೇವರನ್ನೂ ಜಾತಕವನ್ನೂ ನಂಬದ ನಾನು — ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಪ್ರಶ್ನಿಸಲು ಕಲಿತು ಬಂದ ನಾನು — ಆ ದಿನ ಈ ಹಕ್ಕೊಂದನ್ನು ಪ್ರಶ್ನಿಸಲಿಲ್ಲ. ಅದು ನನಗೆ ಅನುಕೂಲವಾಗಿತ್ತು.

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಇಷ್ಟು ವರ್ಷ ಅದನ್ನು ನನಗೆ ಬೇಕಾದಂತೆ ತಿದ್ದಿಕೊಂಡು ಬಂದಿದ್ದೇನೆ. ಆದ್ದರಿಂದ ಖಚಿತವಾದದ್ದನ್ನು ಖಚಿತವೆಂದೂ ಅಲ್ಲದ್ದನ್ನು ಅಲ್ಲವೆಂದೂ ಹೇಳುತ್ತೇನೆ.

ಬೇಸಿಗೆಯ ರಜೆಗೆ ಬಂದಿದ್ದೆ. ನಿನಗೆ ಹನ್ನೊಂದೋ ಹನ್ನೆರಡೋ — ಅಕ್ಕನಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಂಗಾವತಿ ಕಡೆಯ ಗದ್ದೆಯುಳ್ಳ ಮನೆತನದವರು ನಿನ್ನನ್ನು ಕೇಳಲು ಬಂದಿದ್ದರು. ವರ ನಿನ್ನ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬಹುದು. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಿನ್ನ ಅಪ್ಪನಿಗೆ ಸಂಬಂಧ ಒಪ್ಪಿಗೆಯಾಗಿತ್ತು. ಎಲೆ ಅಡಿಕೆಯ ತಟ್ಟೆ ಹೊರಗೆ ಬರುವುದಷ್ಟೇ ಉಳಿದಿತ್ತು.

ನನ್ನ ಅಕ್ಕ ನೀಲವ್ವನೂ ಅದೇ ವಯಸ್ಸಿಗೆ ಆ ಮನೆಗೆ ಬಂದವಳು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಉಳಿದವರ ಹೆಸರನ್ನಷ್ಟೇ ಹೇಳುತ್ತಿದ್ದಳು. ಉಳಿಯದವರ ಹೆಸರು ನನಗೆ ಗೊತ್ತಿತ್ತು. ಹೆಸರಿಡುವ ಮೊದಲೇ ಹೋದವರೂ ಇದ್ದರು. ಆ ವರ್ಷವಷ್ಟೇ ನಮ್ಮ ಪ್ರಾಧ್ಯಾಪಕರು ಉರ್ದುವಿನಲ್ಲಿ, ಬಹಳ ಸೊಗಸಾಗಿ, ಬಡ ದೇಶಗಳ ಜನಸಂಖ್ಯೆಯ ವಿಷಯ ಪಾಠ ಮಾಡಿದ್ದರು. ಬಡ ದೇಶದಲ್ಲಿ ಹುಟ್ಟೂ ಹೆಚ್ಚು, ಸಾವೂ ಹೆಚ್ಚು. ಔಷಧ, ನೀರು ಸುಧಾರಿಸಿದರೆ ಸಾವು ಮೊದಲು ಇಳಿಯುತ್ತದೆ; ಹುಟ್ಟು ಇಳಿಯಲು ಒಂದೆರಡು ತಲೆಮಾರು ಬೇಕು. ಆ ನಡುವಿನ ಕಾಲದಲ್ಲಿ ಹೊಲ, ಬಾವಿ, ಶಾಲೆ ಯಾವುದೂ ಜನರಿಗೆ ಸಾಲುವುದಿಲ್ಲ. ಹೆಣ್ಣುಮಕ್ಕಳು ಕಲಿತು, ತಡವಾಗಿ ಮದುವೆಯಾದರೆ ಆ ಕಷ್ಟದ ಕಾಲ ಬೇಗ ದಾಟಬಹುದು. ಇಷ್ಟು ನನ್ನ ತಲೆಯಲ್ಲಿತ್ತು. ಕಟ್ಟೆಯ ಮೇಲೆ ಗಂಗಾವತಿಯವರು ಕೂತಿದ್ದರು. ನೀನು ಹಿತ್ತಲಲ್ಲಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದೆ.

"ನಿಮ್ಮ ಮಾತು ಮುಗೀತಂದ್ರ ನಂದೊಂದೈತಿ," ಎಂದೆ. "ಶರಣಿ ನನ್ನ ಹೆಣ್ಣು. ನನ್ನ ಓದು ಮುಗಿಯೂಮಟ ಆಕಿನ್ನ ಯಾರಿಗೂ ಕೊಡಬ್ಯಾಡ್ರಿ."

ಗಂಗಾವತಿಯ ಹಿರಿಯ ಸಿಟ್ಟಾಗಲಿಲ್ಲ. "ಮೊದಲ ಹೇಳಬಾರದೇನಪಾ? ನಮ್ಮ ಎತ್ತಿನ ಕಾಲರ ಉಳೀತಿದ್ವು," ಎಂದು ರುಮಾಲು ಸುತ್ತಿಕೊಂಡು ಎದ್ದ. ಅವರ ಬಂಡಿ ಓಣಿ ದಾಟಿದ ಮೇಲೆ ನಿನ್ನ ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೈದ್ರಾಬಾದಿನ ಇಸ್ತ್ರಿ ಅಂಗಿ ಹಳ್ಳಿ ಹುಡುಗಿನ್ನ ಮಾಡ್ಕೊಂತೈತಂತ. ನೋಡೂಣು," ಎಂದರು.

ಹಿಂದಿನ ಸಂಜೆ ಅಕ್ಕ ನನಗೆ, "ಇದಕ್ಕ ನನ್ನ ಗತಿ ಬ್ಯಾಡ ತಮ್ಮಾ, ಏನರ ಮಾಡು," ಎಂದಿದ್ದಳೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಒಲೆಯ ಬೆಳಕು, ಅವಳ ಕೈಯ ಹಿಟ್ಟು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಹೋದ ದೀಪಾವಳಿಯಲ್ಲಿ ಅವಳನ್ನೇ ಕೇಳಿದೆ. "ನಾ ಹಂಗಂದಿದ್ನೇನು? ನೆನಪಿಲ್ಲಪಾ," ಎಂದಳು. ಆಮೇಲೆ, "ಅಂದಿದ್ರೂ, ನಾ ಅಂದದ್ದು ನೀ ಯಾವಾಗ ಕೇಳೀದಿ?" ಎಂದು ನಕ್ಕಳು. ಆದ್ದರಿಂದ ಆ ನೆನಪನ್ನು ಇಲ್ಲಿಗೆ ಬಿಡುತ್ತೇನೆ. ಅದು ನಡೆದಿದ್ದರೂ ನನ್ನ ಸುಳ್ಳು ನನ್ನದೇ.

ಇಷ್ಟಕ್ಕೇ ಮುಗಿದಿದ್ದರೆ — ಮಗುವೊಂದನ್ನು ಆ ಮದುವೆಯಿಂದ ತಪ್ಪಿಸಲು ಆಡಿದ ಮಾತು ಎಂದು ನೀನು ಮನ್ನಿಸಬಹುದಾಗಿತ್ತೇನೋ. ನಿಜವಾದ ತಪ್ಪು ಏಳು ವರ್ಷದ ಮೇಲೆ ನಡೆಯಿತು. ಅದರ ಪೂರ್ತಿ ಸಂಗತಿ ನಿನಗೆ ಗೊತ್ತಿಲ್ಲ.

ಆಗ ನಾನು ಹೈದರಾಬಾದಿನಲ್ಲಿ ಶಾಲೆಯ ಮಾಸ್ತರನಾಗಿದ್ದೆ. ನಮ್ಮ ಊರುಗಳಲ್ಲಿ ಬಳೆ ಮಾರುವ ಹುಸೇನಸಾಬರು ಸರಕು ತರಲು ಚಾರಮಿನಾರಿನ ಪೇಟೆಗೆ ಬಂದವರು, ನನ್ನ ಕೋಣೆ ಹುಡುಕಿಕೊಂಡು ಬಂದರು. ಸುತ್ತಲೂ ನೋಡಿ, "ಕೋಣಿ ಭಾಳ ಸಣ್ಣದೈತಲ್ರಿ ಮಾಸ್ತರ, ಸಂಸಾರ ಎಲ್ಲಿಡಾವ್ರು?" ಎಂದರು. ಆಮೇಲೆ ಅಕ್ಕ ಹೇಳಿ ಕಳಿಸಿದ ಮಾತು ಹೇಳಿದರು. ಕುಷ್ಟಗಿಯಲ್ಲಿ ಮೋಟಾರು ನಿಲ್ಲುವ ಕಡೆ ಮಲ್ಲಣ್ಣ ಎಂಬ ಹುಡುಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಮನೆತನ ಒಳ್ಳೆಯದು. ಅವರೇ ಕೇಳಿಸಿದ್ದಾರೆ, ನೀನೂ ಅವ್ವನ ಮುಂದೆ ಆಗಬಹುದು ಎಂದಿದ್ದೀಯೆ. ಆದರೆ ಮಾವನ ಮಾತು ನಡುವೆ ಇದೆ.

"ಮಾಡ್ಕೊಳ್ಳಾವ್ರಿದ್ರ ಈ ವರ್ಷ ಮಾಡ್ಕೊಳ್ರಿ. ಇಲ್ಲಂದ್ರ, ಬಿಟ್ಟೀನಿ ಅಂತ ಒಂದ್ ಮಾತು ಕೊಡ್ರಿ," ಎಂದರು ಹುಸೇನಸಾಬರು. "ಯಾರ್ ಮಾಡ್ಕೊಂಡ್ರೂ ಬಳಿ ಇಡಿಸಾಂವ ನಾನ. ನನಗೇನೂ ಲುಕ್ಸಾನ ಇಲ್ಲ."

"ನೋಡೂಣಂತ ಹೇಳ್ರಿ."

"ಏನ್ ನೋಡಾದ್ರಿ? ಹುಡುಗಿಗೆ ಹತ್ತೊಂಬತ್ತಾತು."

"ನಾನ ಊರಿಗೆ ಬಂದು ಹೇಳ್ತೀನಿ ಅನ್ರಿ."

ನಾನು ಹೋಗಲಿಲ್ಲ. ಬಿಟ್ಟೆ ಎನ್ನುವ ಒಂದೇ ಮಾತನ್ನು ಅವರ ಕೈಯಲ್ಲಿ ಅಂದೇ ಕಳಿಸಬಹುದಿತ್ತು. ಯಾಕೆ ಕಳಿಸಲಿಲ್ಲ — ಇದನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಅದೇ ತಿಂಗಳು ಗೆಳೆಯರ ಚರ್ಚಾಸಭೆಯೊಂದರಲ್ಲಿ ನಾನು ಬಡ ನಾಡಿನ ಜನಸಂಖ್ಯೆಯ ಮೇಲೆ ಮಾತನಾಡಿದ್ದೆ. "ನಮ್ಮ ಮನೆಯಲ್ಲೇ ಹತ್ತೊಂಬತ್ತು ತುಂಬಿದರೂ ಮದುವೆಯಾಗದ, ಓದು ಬರಹ ಕಲಿತ ಹೆಣ್ಣುಮಗಳಿದ್ದಾಳೆ, ಬದಲಾವಣೆ ಸಾಧ್ಯ" ಎಂದಿದ್ದೆ. ಜೋರಾಗಿ ಚಪ್ಪಾಳೆ ಬಿತ್ತು. ನಿನ್ನ ಪ್ರತಿಯೊಂದು ವರ್ಷವೂ ನನ್ನ ವಾದಕ್ಕೆ ಬಲ ಕೊಡುತ್ತಿತ್ತು. ಆ ಸಭೆ ನಡೆದದ್ದು ಹುಸೇನಸಾಬರು ಬರುವ ಮೊದಲೋ, ಬಂದು ಹೋದ ಮೇಲೋ — ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಮೊದಲಾಗಿದ್ದರೆ ನಾನು ಬರೀ ಸೋಮಾರಿ. ಆಮೇಲಾಗಿದ್ದರೆ, ನಿನ್ನ ಮನಸ್ಸು ತಿಳಿದ ಮೇಲೂ ನಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡವನು. ಎರಡನೆಯದೇ ಇರಬೇಕು. ನನಗೆ ನೆನಪಾಗದಿರುವುದೇ ಅದನ್ನು ಹೇಳುತ್ತದೆ.

ಮಲ್ಲಣ್ಣನ ಮನೆಯವರು ಜೋಳದ ರಾಶಿಯಾಗುವವರೆಗೆ ಕಾದರು. ಆಮೇಲೆ ಅವನ ಮದುವೆ ಬೇರೆ ಕಡೆ ಆಯಿತು.

ನೀನು ಕೊಪ್ಪಳದ ದವಾಖಾನೆಗೆ ಹೆರಿಗೆ ಕೆಲಸ ಕಲಿಯಲು ಹೋದದ್ದು ಆ ವರ್ಷವೇ. ನಿನ್ನ ಅಪ್ಪ ಒಪ್ಪಿದ್ದು ಹೀಗೆಂದು: "ಹೆಂಗೂ ಕಾಯಾಕ ಹತ್ಯಾಳ. ಏನರ ಕಲ್ಕೊಂತ ಕಾಯಲಿ." ಇದರಲ್ಲಿ ನನ್ನ ಪಾತ್ರವಿಲ್ಲ. ಊರಿನವರು ಮಾತ್ರ ಮಾವನೇ ಕಲಿಸಿದನೆಂದು ತಿಳಿದರು, ನಾನು ತಿದ್ದಲಿಲ್ಲ.

ಕಲಿತು ತಿರುಗಿ ಬಂದ ಮೇಲೆ ಒಮ್ಮೆ ನೀನೇ ಕೇಳಿದೆ. ಹೆರಿಗೆಗೆಂದು ಕುದಿಸಿದ ಅರಿವೆಗಳನ್ನು ನೀನು ಅಂಗಳದಲ್ಲಿ ಹಗ್ಗದ ಮೇಲೆ ಹಾಕುತ್ತಿದ್ದೆ. ನನ್ನ ಕಡೆ ತಿರುಗದೆ, "ಮಾಮಾ, ಆವತ್ತು ಕಟ್ಟಿ ಮ್ಯಾಲ ಅಂದದ್ದು ಖರೇನು?" ಎಂದೆ.

"ಖರೇನ," ಎಂದೆ ನಾನು. "ಆಮ್ಯಾಲ ಕೆಲಸ, ಅದು ಇದು..."

"ಆತು ಬಿಡು," ಎಂದು ನೀನು ಇನ್ನೊಂದು ಅರಿವೆ ತೆಗೆದುಕೊಂಡೆ.

ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಇದೇ ಹೆಚ್ಚು ಕಾಡುತ್ತದೆ. ನಿಜ ಕೇಳಿಕೊಂಡು ನೀನೇ ನನ್ನ ಹತ್ತಿರ ಬಂದಿದ್ದೆ.

ಈಗಿನ ಸಂಗತಿ. ನಿಜಾಮರ ಆಳ್ವಿಕೆ ಮುಗಿಯಿತು, ಹೊಳೆಗೆ ಆಣೆಕಟ್ಟು ಏಳುತ್ತಿದೆ, ಕೆಲಸ ಹುಡುಕಿ ಜನ ಆ ಕಡೆ ಹೋಗುತ್ತಿದ್ದಾರೆ. ನಿನ್ನ ಊರಲ್ಲಿ ನಾನು ಕಂಡ ಬದಲಾವಣೆ ಇನ್ನೊಂದು. ಶಾಲೆಯ ಒಂದೇ ಕೋಣೆ ತುಂಬಿ ಮಕ್ಕಳು ಹೊರಗೆ ಬೇವಿನ ನೆರಳಿನಲ್ಲಿ ಕೂತಿದ್ದರು. ನೀನು ಗೌಡರ ಮುಂದೆ ನಿಂತು, "ಬದುಕಿಸಿ ಕೊಡೂದು ನನ್ನ ಕೆಲಸರಿ. ಕುಂದ್ರಸಾಕ ಜಾಗಾ ಮಾಡೂದು ನಿಮ್ದು," ಎಂದು ಜಗಳ ತೆಗೆದಿದ್ದೆ. "ಹಂಗಾದ್ರ ಇಷ್ಟಿಷ್ಟು ಹಡೀಬ್ಯಾಡ್ರಿ ಅಂತ ಹೇಳವಾ," ಎಂದರು ಗೌಡರು. "ಹೇಳ್ತೀನ್ರಿ. ಹಡೆದದ್ದು ಉಳಿತೈತಿ ಅಂತ ಅವರಿಗೆ ನಂಬಿಗಿ ಬರ್ಲಿ, ಆವಾಗ ನಾ ಹೇಳೂದು ಕಿವಿಗೆ ಬೀಳತೈತಿ," ಎಂದೆ ನೀನು. ಕೊನೆಗೆ ಗೌಡರು ಒಪ್ಪಿದರು. ಎರಡನೆಯ ಕೋಣೆಗೆ ಈಗ ಗುಡ್ಡದ ಕಲ್ಲು ಬಂದು ಬಿದ್ದಿದೆ, ಗೋಡೆ ಎದೆಮಟ್ಟ ಎದ್ದಿದೆ. ಹನ್ನೆರಡು ದಾಟಿದ ಹೆಣ್ಣುಮಕ್ಕಳು ಇನ್ನೂ ಪಾಟಿ ಹಿಡಿದು ಶಾಲೆಗೆ ಹೋಗುವುದನ್ನು ನಾನೇ ನೋಡಿದೆ. ಎಲ್ಲರೂ ಅಲ್ಲ. ಆದರೆ ಅವರ ತಾಯಂದಿರ ಕಾಲದಲ್ಲಿ ಒಬ್ಬರೂ ಇರಲಿಲ್ಲ.

ಆ ಕೋಣೆ ತೆರೆಯುವ ದಿನ ನನಗೆ ಶಾಲು ಹೊದಿಸುತ್ತಾರಂತೆ. ಅಕ್ಕನ ಮಗಳನ್ನು ಕಲಿಸಿದ ಮಾವನಿಗೆ.

ಇದೇ ಊರಿನ ಆಚೆ, ಹಳ್ಳ ದಾಟಿದರೆ ಒಂದು ದೊಡ್ಡಿ ಇದೆ. ಹತ್ತಾರು ಮನೆ. ಅಲ್ಲಿ ನಿನ್ನನ್ನು ಹೆರಿಗೆಗೆ ಕರೆಯುವುದಿಲ್ಲ. ನಿನಗೆ "ಮಾವ ಬಿಟ್ಟಾಕಿ" ಎಂದು ಹೆಸರಿಟ್ಟಿದ್ದಾರೆ. ಹಕ್ಕಿದ್ದವನೇ ಬಿಟ್ಟನೆಂದರೆ ಹುಡುಗಿಯಲ್ಲಿ ಏನೋ ಐಬು ಇರಲೇಬೇಕು, ಅವಳ ಕೈ ಎಳೆಗೂಸಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಹೋದ ಶ್ರಾವಣದಲ್ಲಿ ಅಲ್ಲಿ ಒಂದು ಚೊಚ್ಚಲ ಹೆರಿಗೆ ಕೆಟ್ಟಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ನೀನು ಹೋಗಿದ್ದರೆ ಉಳಿಯುತ್ತಿತ್ತೇ — ಯಾರೂ ಹೇಳಲಾರರು. ನಿನ್ನನ್ನು ಕರೆಯದೇ ಹೋದದ್ದು ನನ್ನ ಮಾತಿನಿಂದ. ಇದನ್ನು ಅಕ್ಕ ಹೇಳಿದಾಗಲೇ ನನಗೆ ತಿಳಿದದ್ದು. ನೀನು ನನಗೆ ಹೇಳಿರಲಿಲ್ಲ.

ಹೋದ ವಾರ ಆ ದೊಡ್ಡಿಗೆ ಹೋದೆ. ನಿನ್ನನ್ನು ಕೇಳದೆ ಹೋದೆ, ಅದೂ ತಪ್ಪಿರಬಹುದು. ಕೂಸು ಕಳೆದುಕೊಂಡ ಮನೆಯ ಅಜ್ಜಿ ದ್ಯಾಮವ್ವ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಅವಳ ಮಗ, ಅಕ್ಕಪಕ್ಕದ ಹೆಂಗಸರು ಬಂದು ನಿಂತರು. ಎಲ್ಲವನ್ನೂ ಹೇಳಿದೆ: ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ, ಬರೀ ಹಕ್ಕು ಹೇಳಿ ತಡೆದೆ, ಆಮೇಲೆ ಬಿಡು ಎಂದಾಗ ಬಿಡಲಿಲ್ಲ. ಹುಡುಗಿಯಲ್ಲಿ ಯಾವ ಐಬೂ ಇಲ್ಲ.

ದ್ಯಾಮವ್ವ ಮೊರ ಕೆಳಗಿಟ್ಟಳು. "ಹಂಗಾದ್ರ ಐಬು ನಿಂದು."

"ಹೌದಬೇ, ನಂದು."

"ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ?"

ಆ ಕೂಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ ಅವಳು ಮೊರ ಎತ್ತಿಕೊಂಡು, "ಸಣ್ಣ ಸೊಸಿಗೆ ಏಳು ತಿಂಗಳು. ಹೆರಿಗಿಗೆ ನಿನ್ನನ್ನಂತೂ ಕರ್ಯಾಂಗಿಲ್ಲ, ಆಕಿನ್ನ ಕರೀಬೇಕು," ಎಂದಳು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗ ನೀರು ತಂದು ಕೊಟ್ಟ.

ಕರೆಯುತ್ತಾರೋ ಇಲ್ಲವೋ, ನಾನರಿಯೆ. ಕರೆಯಬಹುದು ಎನಿಸುತ್ತದೆ.

ಶಾಲು ಬೇಡವೆಂದು ಗೌಡರಿಗೆ ತಿಳಿಸಿದ್ದೇನೆ. ಕಾರಣವನ್ನು ಬರುವ ಸೋಮವಾರ ನಿನ್ನ ಅಪ್ಪನ ಕಟ್ಟೆಯ ಮೇಲೆ, ಊರಿನ ಹಿರಿಯರನ್ನು ಕೂಡಿಸಿ ಹೇಳುತ್ತೇನೆ. ನೀನು ಯಾರನ್ನು ಮಾಡಿಕೊಳ್ಳಬೇಕು, ಮಾಡಿಕೊಳ್ಳಬೇಕೋ ಬೇಡವೋ, ಅದರಲ್ಲಿ ಸೋದರಮಾವನ ಹಕ್ಕೂ ಇಲ್ಲ, ಇನ್ನೊಬ್ಬರದೂ ಇಲ್ಲ ಎಂದು ಅವರ ಮುಂದೆ ಹೇಳುತ್ತೇನೆ. ಮನ್ನಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಕೆಲಸವೂ ನಿನ್ನ ಮೇಲೆ ಬೀಳುತ್ತದೆ.

ನೀನು ಆ ಹೊತ್ತಿಗೆ ಮನೆಯಲ್ಲಿರಬೇಕೆಂದೇನೂ ಇಲ್ಲ. ಯಾರಾದರೂ ಹೆರಿಗೆಗೆ ಕರೆಯಲು ಬಂದರೆ, ನಾನು ಮಾತಿನ ನಡುವೆ ಇದ್ದರೂ ಸರಿ, ಎದ್ದು ಹೋಗು.