ಬ್ರೇಕು ಯಾರು ಮಾಡಿದ್ದು

ನಮ್ಮ ಡ್ರೈವರ್ ಕಾಕಾನ ಬಲಗಾಲಿನ ಚಪ್ಪಲಿ ಮಾತ್ರ ಬೇಗ ಸವೆಯುತ್ತಿತ್ತು, ಅದೂ ಹೆಬ್ಬೆರಳಿನ ಕೆಳಗೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗಲೂ ಆ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ದೂರದಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆದರೆ ಸಾಕು, ನಮ್ಮ ಅಂಗಳದಲ್ಲಿ ಕೂತಲ್ಲೇ ಅವರು ಬ್ರೇಕು ಹಾಕಿಬಿಡುತ್ತಿದ್ದರು. ಮೊದಮೊದಲು ನಾವು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದೆವು.

ಭೂಸನೂರಿನ ನಮ್ಮ ಮನೆಗೆ ಅವರು ಡ್ರೈವರ್ ಆಗಿ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಜೇವರ್ಗಿ ಕಡೆಯ ಕೊಳಕೂರಿನವರು. ನಾವು ಡ್ರೈವರ್ ಕಾಕಾ ಎನ್ನುತ್ತಿದ್ದೆವು. ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು. ತೀರಿಹೋದ ತಮ್ಮನ ಹೆಂಡತಿ ಅಲ್ಲಿದ್ದಾಳೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಅವರಾಗಿ ಹೇಳುವವರಲ್ಲ, ನಾವು ಕೇಳಿದವರೂ ಅಲ್ಲ.

ಅಪ್ಪ ಆಗಷ್ಟೇ ಹೊಸ ಕಾರು ತಂದಿದ್ದರು. ಜಪಾನಿನ ಕಂಪನಿಯೂ ನಮ್ಮ ದೇಶದ್ದೂ ಕೂಡಿ ಮಾಡುತ್ತಿದ್ದ ಸಣ್ಣ ಬಿಳಿ ಕಾರು. ಆಳಂದ ತಾಲೂಕಿನಲ್ಲಿ ಅಂಥದ್ದನ್ನು ಕಂಡವರೇ ಕಡಿಮೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರೆಲ್ಲ ಬಂದು ಅದರ ಬಾಗಿಲು ತೆಗೆದು ಹಾಕಿ ನೋಡಿದರು. ಕಾಕಾ ಮಾತ್ರ ದೂರ ನಿಂತು, ಕೊನೆಗೆ ಒಂದೇ ಮಾತು ಕೇಳಿದರು:

“ಇದರಾಗ ಅವ್ರು ಮಾಡಿದ್ದು ಯಾವ್ದ್ರಿ ಗೌಡ್ರ, ನಮ್ಮವ್ರು ಮಾಡಿದ್ದು ಯಾವ್ದು?”

“ಎಲ್ಲಾ ಕೂಡೇ ಮಾಡ್ಯಾರೋ. ನಿನಗ್ಯಾಕ ಅದು?” ಎಂದರು ಅಪ್ಪ.

“ಹಂಗಲ್ರಿ. ಬ್ರೇಕು ಯಾರು ಮಾಡ್ಯಾರ?”

ಅದು ಜಪಾನಿನಿಂದಲೇ ಬಂದದ್ದೆಂದು ಗುಲ್ಬರ್ಗಾದ ಕಂಪನಿ ಗ್ಯಾರೇಜಿನಲ್ಲಿ ಹೇಳಿದ ಮೇಲೆಯೇ ಅವರು ಗಾಡಿಯನ್ನು ಸಲೀಸಾಗಿ ಓಡಿಸಲು ಶುರುಮಾಡಿದ್ದು. ಆದರೆ ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. ಸಾಮಾನುಗಳನ್ನೆಲ್ಲ ಒಂದೊಂದಾಗಿ ನಮ್ಮಲ್ಲೇ ಮಾಡಬೇಕೆಂದು ಎರಡೂ ಕಂಪನಿಗಳ ನಡುವೆ ಮಾತಾಗಿತ್ತಂತೆ. ಸರ್ವಿಸಿಗೆಂದು ಗುಲ್ಬರ್ಗಾಕ್ಕೆ ಹೋಗಿ ಬಂದಾಗಲೆಲ್ಲ ಕಾಕಾ ಒಂದು ಸುದ್ದಿ ತರುತ್ತಿದ್ದರು. ಸೀಟು ನಮ್ಮದಾಯಿತು. ಗಾಜು ನಮ್ಮದಾಯಿತು. ಅಪ್ಪ ಪೇಪರು ಮಡಚಿಟ್ಟು ಹಿಗ್ಗುತ್ತಿದ್ದರು. ಕಾಕಾನ ಮುಖ ಮಾತ್ರ ಪ್ರತಿ ಸಲವೂ ಸ್ವಲ್ಪ ಸಣ್ಣದಾಗುತ್ತಿತ್ತು. ದೇಶ ಮುಂದೆ ಬರುವುದನ್ನು ಕಂಡು ಇಷ್ಟು ಹೆದರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ಮೊದಲ ಹೆರಿಗೆಗೆ ತವರಿಗೆ ಬಂದ ವರ್ಷ ಕಾರಿನ ಬ್ರೇಕಿನ ಸಾಮಾನು ಸವೆದು, ಬೇರೆ ಹಾಕಿಸಬೇಕಾಯಿತು. ಸಂಜೆ ಮರಳಿ ಬಂದ ಕಾಕಾ ಕೀಲಿಯನ್ನು ಗೂಟಕ್ಕೆ ಹಾಕದೆ ಕೈಯಲ್ಲೇ ಹಿಡಿದು ನಿಂತಿದ್ದರು.

“ಬ್ರೇಕಿನ ಸಾಮಾನು ಸೈತ ಈಗ ಇಲ್ಲೇ ಮಾಡಾಕತ್ಯಾರಂತ್ರಿ. ಜಪಾನದ್ದು ಕೊಡ್ರಿ ಅಂದ್ರ ಗ್ಯಾರೇಜಿನವ್ರು ನಕ್ಕರು.”

ಅಂದಿನಿಂದ ನಮ್ಮ ಕಾರನ್ನು ಸೈಕಲ್ಲಿನವರು ಹಿಂದೆ ಹಾಕತೊಡಗಿದರು. ಇಳಿಜಾರು ಬಂದರೆ ಕಾಕಾ ಮೇಲೆಯೇ ನಿಲ್ಲಿಸಿ, ಇಳಿದು, ಚಕ್ರಗಳ ಒಳಗೆ ಬಗ್ಗಿ ನೋಡಿ ಮತ್ತೆ ಹತ್ತುತ್ತಿದ್ದರು. ಅಪ್ಪ ಬೈದು ಬೈದು ಸೋತರು. ಹೆದರಿಕೆ ಅಂಟುವಂಥದ್ದು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ನನ್ನ ಕಾಲೂ ನೆಲವನ್ನು ಒತ್ತುತ್ತಿತ್ತು.

ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿನಿಂದ ಎದ್ದು ಬರುತ್ತಿದ್ದಾಗ ಸೀರೆ ತೊಯ್ದಂತಾಯಿತು. ನೋಡಿದರೆ ರಕ್ತ. ಅವ್ವ ಏನೂ ಕೂಗಲಿಲ್ಲ. ಅವಳು ಕೂಗದೇ ಇದ್ದುದನ್ನು ಕಂಡೇ ನಾನು ಹೆದರಿದ್ದು. ಆಳಂದದ ಡಾಕ್ಟರು ನನ್ನನ್ನು ಕಾರಿನಿಂದ ಇಳಿಸಲೂ ಬಿಡಲಿಲ್ಲ, ಗುಲ್ಬರ್ಗಾಕ್ಕೆ ಒಯ್ಯಿರಿ, ಹೊತ್ತು ಮಾಡಿದರೆ ತಾಯಿ ಮಗು ಎರಡೂ ಕಷ್ಟ ಎಂದರು. ಅಪ್ಪ ಮುಂದೆ ಕೂತರು. ನಾನು ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದುದು ಕಾಕಾನ ಕತ್ತು ಮಾತ್ರ. ಚಳಿಗಾಲ, ಆದರೂ ಅದು ಬೆವರಿನಿಂದ ಹೊಳೆಯುತ್ತಿತ್ತು.

“ಜಲ್ದಿ ಹೊಡಿಯೋ” ಎಂದರು ಅಪ್ಪ. ಗಾಡಿಯ ವೇಗ ಹೆಚ್ಚಲಿಲ್ಲ. ಅಪ್ಪನ ದನಿ ಒಡೆಯಿತು. “ನಿನಗ ಕೈ ಮುಗೀತೇನಿ, ಹೊಡಿ.”

ಗೌಡರು ಕೈ ಮುಗಿಯುವುದೆಂದರೇನು? ಕಾಕಾ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿದ್ದ ಭಯ ನನ್ನದಕ್ಕಿಂತ ಹೆಚ್ಚಿನದು. ನೋಡಿದವರೇ ಗಾಡಿಯನ್ನು ಬಿಟ್ಟರು. ಅಷ್ಟು ಜೋರಾಗಿ ಅವರು ಓಡಿಸಬಲ್ಲರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಈಗ ಎರಡು ಹೆದರಿಕೆ: ನಿಧಾನವಾದರೆ ಕೂಸು ಉಳಿಯುವುದಿಲ್ಲ, ಜೋರಾದರೆ ಯಾರೂ ಉಳಿಯುವುದಿಲ್ಲ. ಕೂಸು ಹೊಟ್ಟೆಯಲ್ಲಿ ಅಲುಗಾಡುವುದನ್ನು ನಿಲ್ಲಿಸಿತ್ತು. ನಾನು ಅದನ್ನು ಅವ್ವನಿಗೆ ಹೇಳಲಿಲ್ಲ.

ಒಂದು ದೊಡ್ಡ ಇಳಿಜಾರು ಬಂತು. ಅವರು ನಿಲ್ಲಿಸಲಿಲ್ಲ, ಇಳಿದು ನೋಡಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಬಂತು. ಅಪ್ಪ “ಯಪ್ಪಾ” ಎಂದರು. ಅವ್ವ ನನ್ನ ಮೇಲೆ ಬಾಗಿ ನನ್ನನ್ನು ಮುಚ್ಚಿದಳು. ಟೈರು ಕಿರುಗುಟ್ಟಿತು. ಗಾಡಿ ಬಾಲ ಆಡಿಸಿ, ಒಮ್ಮೆ ಜಗ್ಗಿ, ನಿಂತಿತು. ಕಣ್ಣು ತೆರೆದರೆ ಮುಂದಿನ ಗಾಜಿನ ತುಂಬ ಹಸಿರು ಕಬ್ಬಿನ ಸೋಗೆ.

ಕಾಕಾ ಸ್ಟೀರಿಂಗ್ ಬಿಡದೆ ಮೆಲ್ಲಗೆ ಹೇಳಿದರು: “ಹಿಡೀತು.” ಮತ್ತೆ, ತಮಗೇ ನಂಬಿಕೆ ಬರಲೆಂಬಂತೆ, “ನಮ್ಮವ್ರು ಮಾಡಿದ್ದು ಹಿಡೀತ್ರಿ ಗೌಡ್ರ.”

ಅಪ್ಪ ರಸ್ತೆಯ ಕಡೆ ಕೈ ತೋರಿಸಿದರು. ಗುಲ್ಬರ್ಗಾ ಮುಟ್ಟುವವರೆಗೆ ಗಾಡಿಯ ವೇಗ ಇಳಿಯಲಿಲ್ಲ. ಕತ್ತಲಾಗುವ ಮೊದಲೇ ನನ್ನ ಮಗಳು ಹುಟ್ಟಿದಳು. ಒಂದು ಅಂಗೈಯಲ್ಲಿ ಹಿಡಿಸುವಷ್ಟು ಇದ್ದಳು, ಆದರೆ ಅತ್ತಳು.

ಮಾರನೆಯ ದಿನ ಕೂಸನ್ನು ನೋಡಲು ಬಂದ ಕಾಕಾ ಬಾಗಿಲಲ್ಲೇ ನೆಲದ ಮೇಲೆ ಕೂತರು. ಯಾರೂ ಕೇಳದೆಯೇ ಹೇಳಿದರು.

“ಮದ್ಲು ಜೇವರ್ಗ್ಯಾಗ ಒಬ್ಬರ ಹಳೀ ಕಾರು ಹೊಡೀತಿದ್ನಿ, ಯವ್ವಾ. ಬ್ರೇಕಿನ ಆಯಿಲ್ ಸೋರ್ತಿತ್ತು. ಬಜಾರದಾಗಿಂದ ಒಂದು ವಾಶರ್ ತಂದು ನನ್ನ ಕೈಲೇ ಹಾಕಿದ್ನಿ. ಭೀಮಾ ಹೊಳಿ ಕಡಿ ಇಳಿಯೂ ಮುಂದ ಕಾಲಿಟ್ರ, ಬ್ರೇಕು ಸೀದಾ ನೆಲಕ್ಕ ಹೋತು. ಬಾಜೂಕ ನನ್ನ ತಮ್ಮ ಕೂತಿದ್ದ.”

ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು.

“ಜಪಾನದವ್ರು ಭಾಳ ಶ್ಯಾಣ್ಯಾರು ಅಂತಲ್ಲ. ಇಲ್ಲೇ ಮಾಡಿದ್ದು ಅಂದ್ರ, ನನ್ನಂಥ ಕೈಯೇ ಮಾಡಿರ್ತಾವಲ್ಲ ಅಂತ ಅಂಜಿಕಿ.”

ಆ ದಿನದ ನಂತರ ಅವರು ಧೈರ್ಯವಂತರಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಮುಂದಿನ ವಾರವೇ ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿ ಬಗ್ಗಿ ನೋಡತೊಡಗಿದರು. ಆದರೆ ಅಪ್ಪ ಮತ್ತೆ ಬೈಯಲಿಲ್ಲ. ತಾವೂ ಇಳಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲಿ ನಿಂತಿರುತ್ತಿದ್ದರು.

ವರ್ಷಗಳ ನಂತರ ಕಾಕಾ ಹಾಸಿಗೆ ಹಿಡಿದಿದ್ದಾರೆಂದು ತಿಳಿದು, ಶಾಲೆಗೆ ಹೋಗುತ್ತಿದ್ದ ಮಗಳನ್ನು ಕರೆದುಕೊಂಡು ಕೊಳಕೂರಿಗೆ ಹೋದೆ. ನಾವು ಹೋಗಿ ಬಂದ ಕೆಲವೇ ದಿನಗಳಿಗೆ ತೀರಿಕೊಂಡರು. ನಾವು ಹೋದ ದಿನ ಅವರಿಗೆ ನಮ್ಮ ಗುರುತು ಹತ್ತಲಿಲ್ಲ. ತಮ್ಮನ ಹೆಂಡತಿ ಅವರ ಬಾಯಿಗೆ ಚಮಚೆಯಲ್ಲಿ ನೀರು ಬಿಡುತ್ತಿದ್ದಳು. ಹೊದಿಕೆಯ ಹೊರಗೆ ಬಲಗಾಲು ಮಂಚದ ಅಡ್ಡಪಟ್ಟಿಯನ್ನು ಒತ್ತುತ್ತಲೇ ಇತ್ತು. ಚರ್ಮ ಕೆಂಪಾಗಿತ್ತು.

“ಹಗಲೂ ರಾತ್ರಿ ಹಿಂಗಾ ಒತ್ತತಾರ್ರಿ” ಎಂದಳು ಆಕೆ. “ಯಾಕಂತ ನನಗ ಗೊತ್ತದ. ಇಷ್ಟು ವರ್ಷ ಆತು, ಬಿಡ್ರಿ ಭಾವಾ ಅಂದ್ರೂ ಕೇಳಂಗಿಲ್ಲ.”

ನಾನು ಮಂಚದ ಕಾಲ್ಗಡೆ ಕೂತು ಪಟ್ಟಿಗೂ ಅವರ ಅಂಗಾಲಿಗೂ ನಡುವೆ ನನ್ನ ಕೈ ಇಟ್ಟೆ. ಕಾಲು ಬಲವಾಗಿ ಒತ್ತಿತು.

“ಹಿಡೀತ್ರಿ ಕಾಕಾ” ಎಂದೆ.

ಕಾಲು ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿತು. ನಾನು ಮತ್ತೆ ಹೇಳಿದೆ. ಬಸ್ಸಿನ ಹೊತ್ತಾಯಿತೆಂದು ಮಗಳು ಸೆರಗು ಜಗ್ಗುವವರೆಗೆ ಕೈ ತೆಗೆಯಲಿಲ್ಲ.